ಗೋಡೆಯ ಬುಡದ ಹತ್ತಿ

ಮೂರನೇ ಮಹಡಿಯ ಕಿಟಕಿಯಿಂದ ಅತ್ತೆ ಎಸೆದ ಈರುಳ್ಳಿ ಸಿಪ್ಪೆ, ಚಹಾದ ಚರಟ ಎಲ್ಲ ಹೋಗಿ ಕೆಳಗೆ ಬಗ್ಗಿ ನಿಂತಿದ್ದ ಸೊಸೆಯ ತಲೆಯ ಮೇಲೆ ಬಿತ್ತು. ಬೇಕೆಂದು ಬೀಳಿಸಿದ್ದಲ್ಲ. ಆ ಕಿಟಕಿಯಿಂದ ಕಸ ಕೆಳಗೆ ಹೋಗುವುದು ನಲ್ಲಿಯಲ್ಲಿ ನೀರು ಬರುವಷ್ಟೇ ಸಹಜವಾಗಿ ವರ್ಷಗಟ್ಟಲೆ ನಡೆದುಬಂದಿತ್ತು. ಕೆಳಗೆ ಯಾರಾದರೂ ನಿಂತಿರಬಹುದು, ಅದರಲ್ಲೂ ಮನೆಯ ಸೊಸೆಯೇ ನಿಂತಿರಬಹುದು ಎಂದು ಯಾರಿಗೆ ಹೊಳೆಯಬೇಕು?

ಕಿಟಕಿಯ ಕೆಳಗಿದ್ದದ್ದು ಮುಚ್ಚಿಹೋದ ನೂಲಿನ ಗಿರಣಿಯ ಜಾಗ. ಗಿರಣಿ ಕೆಡವಿದವರು ಕಬ್ಬಿಣ, ಮರ, ಕಡೆಗೆ ಬಾಗಿಲ ಚೌಕಟ್ಟನ್ನೂ ಬಿಡದೆ ಹೊತ್ತುಕೊಂಡು ಹೋಗಿದ್ದರು. ಉಳಿದದ್ದು ಇಟ್ಟಿಗೆ ಚೂರಿನ ದಿಬ್ಬಗಳು, ಮುಳ್ಳುಪೊದೆ, ಹರಿದ ಹಾಸಿಗೆಗಳು, ಮತ್ತೆ ಸುತ್ತಲಿನ ಕಟ್ಟಡಗಳ ದಿನದಿನದ ಕಸ. ಸುತ್ತ ಆಳೆತ್ತರದ ಗೋಡೆ. ಗಿರಣಿಯ ಹಳೇ ದೊಡ್ಡ ಬಾಗಿಲಿದ್ದ ಕಡೆ ಮಾತ್ರ ಆಳು ನುಗ್ಗುವಷ್ಟು ಒಂದು ಕಿಂಡಿ.

ಅತ್ತೆಯನ್ನು ಆ ಕಟ್ಟಡದವರೆಲ್ಲ ಮಹಡಿಯಮ್ಮ ಎಂದೇ ಕರೆಯುತ್ತಿದ್ದರು. ಮಂಡಿನೋವು ಹತ್ತಿಕೊಂಡ ಮೇಲೆ ಅವಳು ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದಳು. ಮಗ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುವ ಮಗ ಹೆತ್ತ ತಾಯಿಗೆ ಒಂದು ಲಿಫ್ಟ್ ಹಾಕಿಸಲಾರ ಎಂದು ಬಂದವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಿದ್ದಳು. ಗಂಡ, ಅಂದರೆ ಯಜಮಾನರು, ಇದೇ ಗಿರಣಿಯಲ್ಲಿ ನೂಲುವ ಯಂತ್ರದ ಮುಂದೆ ಇಡೀ ಪ್ರಾಯ ಕಳೆದವರು. ಯಂತ್ರಗಳ ಗದ್ದಲಕ್ಕೆ ಅವರ ಕಿವಿ ಪೂರ್ತಿ ಹೋಗಿತ್ತು. ಆಮೇಲೆ ಒಂದು ಬೆಳಿಗ್ಗೆ ಗಿರಣಿಯವರು ಒಂದು ಮಾತೂ ಹೇಳದೆ ಬಾಗಿಲಿಗೆ ಬೀಗ ಜಡಿದರು. ಊಟದ ಡಬ್ಬಿ ಹಿಡಿದು ಹೋದ ಯಜಮಾನರು ಅದೇ ಡಬ್ಬಿ ಹಿಡಿದು ವಾಪಸು ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಅಂದಿನಿಂದ ಹೊಲಿಗೆ ಯಂತ್ರ ತುಳಿದು ಮನೆ ನಡೆಸಿದವಳು ಮಹಡಿಯಮ್ಮ. ಯಜಮಾನರು ಆ ಕಿಟಕಿಯ ಹತ್ತಿರ ಮತ್ತೆ ಸುಳಿಯಲಿಲ್ಲ.

ಆ ದಿನ ಸೊಸೆ ಮೇಲೆ ಬಂದಳು. ತಲೆ ತೊಳೆದುಕೊಂಡಳು, ಅನ್ನಕ್ಕಿಟ್ಟಳು, ತರಕಾರಿ ಹೆಚ್ಚಿದಳು. ಹೆಚ್ಚುವ ಸದ್ದು ಮಾತ್ರ ಎಂದಿಗಿಂತ ಜೋರಾಗಿತ್ತು. ಊಟಕ್ಕೆ ಕೂತ ಮೇಲೆ ಬಾಯಿ ಬಿಟ್ಟಳು.

"ಅತ್ತೆ, ಇನ್ಮೇಲೆ ಕಿಟಕಿಯಿಂದ ಹಾಕ್ಬೇಡಿ. ಮೂಲೇಲಿ ಬಕೆಟ್ ಇಟ್ಟಿದೀನಿ."

"ನೀನು ಅಲ್ಲಿ ಯಾಕೆ ನಿಂತಿದ್ದೆ?"

"ಕಸ ಎತ್ತುತಿದ್ದೆ."

"ಎತ್ತೋಕೆ ಅದೇನು ನಿಮ್ಮಪ್ಪನ ಜಾಗಾನಾ?"

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಸೊಸೆಯೇ ವಿವರಿಸಿದಳು. ಜಾಗ ಈಗ ನಗರ ಕಚೇರಿಯ ವಶಕ್ಕೆ ಬಂದಿದೆ. ಲಾರಿಗಳ ನಿಲ್ದಾಣ ಮಾಡುವ ಯೋಚನೆ ಅವರದು. ಕಟ್ಟಡದ ಕೆಲವು ಹೆಂಗಸರು, ಒಂದಿಬ್ಬರು ಗಂಡಸರು ಹೋಗಿ ಬೇಡಿಕೊಂಡಾಗ, ಮಳೆಗಾಲ ಮುಗಿಯುವುದರೊಳಗೆ ನೀವೇ ಅದನ್ನು ಹಸನು ಮಾಡಿ ಹಸಿರು ಮಾಡಿ ತೋರಿಸಿದರೆ ಸಾರ್ವಜನಿಕರ ತೋಟವಾಗಿ ಬಿಡುತ್ತೇವೆ ಎಂದಿದ್ದಾರೆ. ಬೇಸಿಗೆಯಲ್ಲಿ ಯಾರೋ ಆ ಕಸಕ್ಕೆ ಬೆಂಕಿ ಹಚ್ಚಿ, ಹೊಗೆ ಮನೆಯೊಳಗೆ ನುಗ್ಗಿ, ಮಗಳು ಚಿನಕುರುಳಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದನ್ನು ಸೊಸೆ ಮರೆತಿರಲಿಲ್ಲ. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಇಸ್ತ್ರಿ ಹಾಕುವವಳು. ತಾನು ಇಸ್ತ್ರಿ ಹಾಕಿದ ಚಾದರದ ಮೇಲೆ ಮಗಳು ಉಸಿರಿಗೆ ಒದ್ದಾಡಿದ್ದನ್ನು ಕಂಡವಳು.

ಮಹಡಿಯಮ್ಮ ಎಲ್ಲ ಕೇಳಿ ನೀರು ಕುಡಿದಳು.

"ಆ ಜಾಗ ನನ್ನ ಗಂಡನ ಕಿವಿ ತಿಂದಿದೆ," ಎಂದಳು. "ಅದರ ಬಾಯಿಗೆ ನಾನು ಈರುಳ್ಳಿ ಸಿಪ್ಪೆ ಹಾಕಿದ್ರೆ ತಪ್ಪೇನಿಲ್ಲ. ಲಾರಿ ನಿಲ್ಲಿಸ್ಲಿ, ಏನಾದ್ರೂ ಮಾಡ್ಕೊಳ್ಲಿ."

ಯಜಮಾನರು ಎಲ್ಲರ ಮುಖ ನೋಡಿ, ಅನ್ನ ಚೆನ್ನಾಗಿದೆ ಎಂದರು.

ಸೊಸೆ ಕೆಲಸ ಬಿಟ್ಟು ಬಂದವಳೇ ಚಹಾ ಕುಡಿದು ಕೆಳಗಿಳಿಯುವುದು ಅಭ್ಯಾಸವಾಯಿತು. ಕತ್ತಲಾದ ಮೇಲೆ ಮೈತುಂಬ ಧೂಳು ಹೊತ್ತು ಬರುತ್ತಿದ್ದಳು. ಸಂಜೆಯ ಅಡುಗೆ ತಾನಾಗಿಯೇ ಮಹಡಿಯಮ್ಮನ ಕೊರಳಿಗೆ ಬಿತ್ತು. ಮೊದಲು ಗೊಣಗಿದಳು, ಆಮೇಲೆ ಪಾತ್ರೆಗಳನ್ನು ಕುಕ್ಕಿದಳು, ಕಡೆಗೆ ಒಂದು ಸಂಜೆ ಒಲೆಯನ್ನೇ ಹಚ್ಚದೆ ಕೂತಳು. ಮಗ ಬಂದು ನೋಡಿದರೆ ಅಡುಗೆಮನೆ ತಣ್ಣಗಿದೆ. ತಾಯಿಯ ಮುಖ ನೋಡಿದ, ಹೆಂಡತಿಯ ಕೊಳಕು ಕೈ ನೋಡಿದ, ತಾನೇ ಮೊಟ್ಟೆ ಬೇಯಿಸಿ ಬ್ರೆಡ್ಡಿನ ಜೊತೆ ಎಲ್ಲರ ಮುಂದೆ ಇಟ್ಟ. ಮರುದಿನವೂ ಮೊಟ್ಟೆ, ಅದರ ಮರುದಿನವೂ ಮೊಟ್ಟೆ. ಹೀಗೇ ಆದರೆ ನಾವೆಲ್ಲ ಕೊಕ್ಕೊಕ್ಕೋ ಅನ್ನುತ್ತೇವೆ ಎಂದು ಚಿನಕುರುಳಿ ಹೇಳಿದಾಗ ಅತ್ತೆ ಸೊಸೆ ಇಬ್ಬರೂ ನಗು ತಡೆದುಕೊಂಡರು. ನಕ್ಕರೆ ಸೋತಂತೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಮಗ ಮಧ್ಯೆ ನಿಂತು, ಬೆಳಗಿನ ಅಡುಗೆ, ಪಾತ್ರೆ ಸೊಸೆಗೆ, ಸಂಜೆಯದು ಅಮ್ಮನಿಗೆ, ಬಟ್ಟೆ ಒಗೆಯುವುದು ತನಗೆ ಎಂದು ಹಂಚಿದ. ಒಪ್ಪಂದವೇನೋ ಆಯಿತು, ಮಾತು ಮಾತ್ರ ಕಟ್ಟಿತು. ಉಪ್ಪು ಬೇಕಾದರೂ ಒಬ್ಬರಿಗೊಬ್ಬರು ಚಿನಕುರುಳಿಯ ಮೂಲಕ ಕೇಳುತ್ತಿದ್ದರು.

ಅಷ್ಟೆಲ್ಲ ಸಿಟ್ಟಿದ್ದರೂ ಮಹಡಿಯಮ್ಮನ ಕುರ್ಚಿ ಮಾತ್ರ ದಿನಕ್ಕಿಷ್ಟು ಸರಿದು ಕಿಟಕಿಯ ಪಕ್ಕಕ್ಕೆ ಬಂದಿತ್ತು. ಗಾಳಿ ಬರುತ್ತದೆ ಎನ್ನುವುದು ಅವಳ ನೆಪ. ಕೆಳಗೆ ಜನ ಇರುವೆಗಳ ಹಾಗೆ ಸಾಲು ಕಟ್ಟಿ ಇಟ್ಟಿಗೆ ಚೂರು ಸಾಗಿಸುತ್ತಿದ್ದರು. ಎದುರು ಮನೆಯ ಕ್ಷೌರಿಕ, ಬಸ್ಸಿನ ಕಂಡಕ್ಟರ್, ಯಾರ ಜೊತೆಯೂ ಬೆರೆಯದ ಎರಡನೇ ಮಹಡಿಯ ಟೀಚರಮ್ಮ ಎಲ್ಲ ಒಂದೇ ಸಾಲಿನಲ್ಲಿ. ಮಳೆ ಹಿಡಿಯಿತು. ಮಳೆಯಲ್ಲೂ ಪ್ಲಾಸ್ಟಿಕ್ ಹಾಳೆ ಹೊದ್ದು ಹುಲ್ಲಿನ ಗಡ್ಡೆ ನೆಟ್ಟರು. ಬೈಯುವುದಕ್ಕೆಂದು ಬಾಯಿ ತೆರೆದ ಮಹಡಿಯಮ್ಮ ಒಮ್ಮೊಮ್ಮೆ ಹಾಗೆಯೇ ನೋಡುತ್ತ ಕೂತುಬಿಡುತ್ತಿದ್ದಳು. ಸಿಪ್ಪೆ ಯಾವಾಗಿನಿಂದ ಬಕೆಟ್ಟಿಗೆ ಬೀಳತೊಡಗಿತೋ ಅವಳಿಗೇ ನೆನಪಿಲ್ಲ.

ಮಳೆ ಹೊಳವಾದ ಒಂದು ಮಧ್ಯಾಹ್ನ ಅವಳು ಮಂಪರಿನಿಂದ ಎದ್ದಾಗ ಯಜಮಾನರು ಮನೆಯಲ್ಲಿರಲಿಲ್ಲ. ಬಾಗಿಲು ತೆರೆದಿತ್ತು, ಚಪ್ಪಲಿ ಇರಲಿಲ್ಲ. ಹಾಗೆ ಹೇಳದೆ ಕೇಳದೆ ಹೊರಗೆ ಹೋಗುವವರಲ್ಲ ಅವರು. ಕಿವಿ ಕೇಳದ ಮನುಷ್ಯ, ರಸ್ತೆಯಲ್ಲಿ ಗಾಡಿ ಬಂದರೆ ಗತಿಯೇನು? ಕಿಟಕಿಯಿಂದ ಬಗ್ಗಿದಳು. ದೂರದಲ್ಲಿ, ಹಿಂದಿನ ಗೋಡೆಯ ಬುಡದಲ್ಲಿ, ಪೊದೆಯ ನಡುವೆ ಬಿಳಿ ತಲೆಯೊಂದು ಕಂಡಿತು. ಮಂಡಿಯೂರಿ ಕೂತಿದ್ದರು. ಅಲುಗಾಡುತ್ತಿರಲಿಲ್ಲ.

ಕೂಗಿ ಪ್ರಯೋಜನವಿಲ್ಲ. ಮಗ, ಸೊಸೆ ಕೆಲಸದಲ್ಲಿ, ಹುಡುಗಿ ಶಾಲೆಯಲ್ಲಿ. ಮಹಡಿಯಮ್ಮ ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಇಳಿಯತೊಡಗಿದಳು. ಒಂದೊಂದು ಮೆಟ್ಟಿಲಿಗೂ ಮಂಡಿಯಲ್ಲಿ ಮುಳ್ಳು ಮುರಿದಂತಾಗುತ್ತಿತ್ತು. ತಿರುವಿನಲ್ಲಿ ಕೂತು ಸುಧಾರಿಸಿಕೊಂಡಳು, ಗಂಡನನ್ನು ಬೈದಳು, ಗಿರಣಿಯನ್ನು ಬೈದಳು, ಮತ್ತೆ ಎದ್ದಳು. ಕಟ್ಟಡ ಸುತ್ತಿಕೊಂಡು ಹೋಗಿ ಕಿಂಡಿಯೊಳಗೆ ಕಾಲಿಟ್ಟ ಮೇಲೆ ಬೈಗುಳ ಬಾಯಲ್ಲೇ ನಿಂತಿತು.

ಮೇಲಿನಿಂದ ಕಂಡದ್ದು ಬರೀ ಹಸಿರು ಬಣ್ಣ. ಇಲ್ಲಿ ಅದಕ್ಕೆ ವಾಸನೆಯಿತ್ತು, ತಂಪಿತ್ತು. ನಡುವೆ ಗಿರಣಿಯ ನೆಲಗಲ್ಲುಗಳು ಮಳೆಯಲ್ಲಿ ತೊಳೆದುಕೊಂಡು ಮಲಗಿದ್ದವು, ಸಂದುಸಂದಿನಲ್ಲೂ ಹುಲ್ಲು. ಇಷ್ಟು ದೊಡ್ಡ ಆಕಾಶ ತಮ್ಮ ಬೀದಿಯ ಮೇಲಿತ್ತೇ ಎಂದು ಅವಳು ಕತ್ತೆತ್ತಿ ನೋಡಿದಳು. ಆಮೇಲೆ ಗಂಡನ ನೆನಪಾಗಿ ಬೇಗಬೇಗ ಹೆಜ್ಜೆ ಹಾಕಿದಳು.

ಯಜಮಾನರಿಗೆ ಏನೂ ಆಗಿರಲಿಲ್ಲ. ಎದೆಯೆತ್ತರದ ಗಿಡಗಳ ಮುಂದೆ ಮಂಡಿಯೂರಿ ಕೂತು, ಒಂದು ಕಾಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಕಾಯಿ ಬಿರಿದಿತ್ತು. ಒಳಗಿಂದ ಬೆಳ್ಳಗೆ ಹತ್ತಿ ಉಕ್ಕಿ ನಿಂತಿತ್ತು. ಹಿಂದಿನ ರಾತ್ರಿ ಸೊಸೆಯ ಸೆರಗಿಗೆ ಅಂಟಿಕೊಂಡು ಬಂದಿದ್ದ ಬಿಳಿ ಎಳೆಯನ್ನು ಕಂಡವರು ಅದನ್ನೇ ಹುಡುಕಿಕೊಂಡು ಇಳಿದಿದ್ದರು. ಗೋಡೆಯುದ್ದಕ್ಕೂ ಅಂಥವೇ ಗಿಡಗಳು. ಕೆಲವು ಕಾಯಿ ಬಿರಿದಿದ್ದವು, ಕೆಲವು ಹಸಿರಾಗಿ ಬಿಗಿದುಕೊಂಡಿದ್ದವು. ಒಂದೇ ರೆಂಬೆಯಲ್ಲಿ ಬೆಣ್ಣೆ ಬಣ್ಣದ ಹೂವು, ಅದರ ಪಕ್ಕದಲ್ಲೇ ಗುಲಾಬಿಗೆ ತಿರುಗಿದ ಹೂವು. ಗಿರಣಿ ನಡೆಯುತ್ತಿದ್ದಾಗ ಮೂಟೆಗಳನ್ನು ಬಿಚ್ಚಿ ಗುಡಿಸಿದ ಕಸವನ್ನು ಇದೇ ಮೂಲೆಗೆ ತಂದು ಸುರಿಯುತ್ತಿದ್ದರು. ಅದರಲ್ಲಿ ಉಳಿದ ಬೀಜ ಎಂದೋ ಮೊಳೆತು, ಬೆಳೆದು, ಉದುರಿ, ಮತ್ತೆ ಮೊಳೆತು, ದಿಬ್ಬಗಳ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಸಂಸಾರ ಮಾಡಿಕೊಂಡಿತ್ತು.

ಹೆಂಡತಿಯನ್ನು ಕಂಡ ಯಜಮಾನರು, ನೀನು ಹೇಗೆ ಇಳಿದೆ ಎಂದೂ ಕೇಳಲಿಲ್ಲ. ಕಿವುಡರ ಎತ್ತರದ ದನಿಯಲ್ಲಿ ಹೇಳಿದರು:

"ನೋಡೇ. ಇದು ಗಿಡದಲ್ಲಿ ಹೀಗಿರುತ್ತಂತೆ."

ಆಗ ಅವಳಿಗೆ ಅರ್ಥವಾಯಿತು. ಇಡೀ ಪ್ರಾಯ ಹತ್ತಿಯ ಜೊತೆ ಕಳೆದ ಈ ಮನುಷ್ಯ ಹತ್ತಿಯ ಗಿಡವನ್ನು ನೋಡಿಯೇ ಇರಲಿಲ್ಲ. ಅವರ ಪಾಲಿಗೆ ಹತ್ತಿ ಅಂದರೆ ಕಬ್ಬಿಣದ ಪಟ್ಟಿ ಬಿಗಿದ ಮೂಟೆ, ಆಮೇಲೆ ನೂಲು, ಆಮೇಲೆ ಕೆಮ್ಮು. ಅವಳೂ ನೋಡಿರಲಿಲ್ಲ. ದಿನಾ ಸಂಜೆ ಅವರ ಹುಬ್ಬಿನಿಂದ, ಕಿವಿಯ ಕೂದಲಿನಿಂದ ಹತ್ತಿಯ ಎಳೆ ಹೆಕ್ಕಿದ್ದ ಅವಳಿಗೂ ಅದು ಹೂ ಬಿಡುತ್ತದೆ ಎಂಬುದು ಗೊತ್ತಿರಲಿಲ್ಲ. ಹೂವಿನೊಳಗೆ ಒಂದು ಜೇನುನೊಣ ಹಿಟ್ಟಿನಲ್ಲಿ ಹೊರಳಾಡಿದಂತೆ ಹೊರಳಾಡುತ್ತಿತ್ತು. ಇಷ್ಟು ಚಂದದ್ದು ಅಷ್ಟು ಕೆಟ್ಟ ಜಾಗದೊಳಗೆ ಬರುತ್ತಿತ್ತೇ? ಕಸದ ಕೆಳಗೆ, ಬೆಂಕಿಯ ಪಕ್ಕದಲ್ಲಿ, ಯಾರೂ ನೀರು ಹಾಕದೆ? ಅವಳು ಗಂಡನ ಪಕ್ಕ ಕೂರಲಾರದೆ ಗೋಡೆಗೆ ಒರಗಿ ನಿಂತಳು. ಸಂಜೆ ಸೊಸೆ ಬರುವವರೆಗೂ ಇಬ್ಬರೂ ಅಲ್ಲೇ ಇದ್ದರು.

ಸೊಸೆ ಬಂದು ನೋಡಿ ಬೆಪ್ಪಾದಳು. ಅತ್ತೆ ಕೆಳಗೆ ಬಂದಿದ್ದಾಳೆಂಬ ಸಂತೋಷವೋ ಗಾಬರಿಯೋ ಅವಳಿಗೇ ತಿಳಿಯಲಿಲ್ಲ. ಮಗ ಬಂದು ತಾಯಿಯನ್ನು ಬೆನ್ನ ಮೇಲೆ ಹೊತ್ತು ಮೇಲೆ ಸಾಗಿಸಿದ. ಕಡೆಗೂ ಲಿಫ್ಟ್ ಬಂತು ಎಂದು ಅವಳು ನಕ್ಕಳು. ಆ ರಾತ್ರಿ ಉಪ್ಪನ್ನು ಅತ್ತೆ ಸೊಸೆ ನೇರವಾಗಿ ಕೇಳಿದರು.

ಆದರೆ ಆ ಸಂತೋಷ ಬಹಳ ದಿನ ನಿಲ್ಲಲಿಲ್ಲ. ತೋಟಕ್ಕೆ ಹಿಂದಿನ ಗೋಡೆಯಲ್ಲೂ ಒಂದು ಬಾಗಿಲು ಬೇಕೆಂದು ನಗರ ಕಚೇರಿಯವರು ಮೊದಲೇ ಹೇಳಿದ್ದರು. ಗೋಡೆಯಾಚೆ ಇನ್ನೊಂದು ಬೀದಿಯಿತ್ತು. ಆ ಬೀದಿಯವರಿಗೆ ದಾರಿಯಿಲ್ಲದಿದ್ದರೆ ಅದು ಸಾರ್ವಜನಿಕರ ತೋಟವಾಗುವುದಿಲ್ಲ, ಈ ಕಟ್ಟಡದವರ ಹಿತ್ತಲಾಗುತ್ತದೆ, ಹಿತ್ತಲಿಗೆ ಸರಕಾರದ ಜಾಗ ಕೊಡಲಾಗುವುದಿಲ್ಲ ಎಂಬುದು ಅವರ ಮಾತು. ನಕ್ಷೆಯಲ್ಲಿ ಬಾಗಿಲು ಬಂದದ್ದು ಹತ್ತಿ ಗಿಡಗಳ ಸಾಲಿನ ಸರಿಯಾಗಿ ನಡುವೆ. ಅಧಿಕಾರಿ ನೋಡಲು ಬರುವ ದಿನ ಹತ್ತಿರವಾಗಿತ್ತು. ಗಿಡ ಕಿತ್ತು ಜಾಗ ಬಿಡಿಸಬೇಕೆಂದು ಸೊಸೆ ಊಟದ ಹೊತ್ತಿಗೆ ಹೇಳಿದಾಗ ಮಹಡಿಯಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಒಂದು ಗಿಡ ಮುಟ್ಟಿದ್ರೂ ನೋಡು."

"ಅತ್ತೆ, ಬಾಗಿಲಿಲ್ಲ ಅಂದ್ರೆ ತೋಟಾನೇ ಇಲ್ಲ. ಲಾರಿ ಬಂದ್ರೆ ನಿಮ್ಮ ಗಿಡ ಉಳಿಯುತ್ತಾ?"

"ಆ ಕಡೆಯವರು ಒಂದು ದಿನ ಬಂದು ಒಂದು ಇಟ್ಟಿಗೆ ಎತ್ತಿದ್ರಾ? ಅವರಿಗ್ಯಾಕೆ ದಾರಿ?"

"ಎತ್ತೋಕೆ ಅವರಿಗೆ ದಾರಿ ಎಲ್ಲಿತ್ತು?"

ಮಹಡಿಯಮ್ಮನಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ನಿನಗೆ ನಿನ್ನ ತೋಟವೇ ಹೆಚ್ಚು, ನಿನ್ನ ಮಾವ ಇಷ್ಟು ವರ್ಷದ ಮೇಲೆ ಮುಖ ಅರಳಿಸಿದ್ದು ನಿನಗೆ ಕಾಣುವುದಿಲ್ಲ ಎಂದಳು. ಸೊಸೆಯ ಕಣ್ಣು ತುಂಬಿತು. ಮಾವನ ಮುಖ ನೋಡಿ ನನಗೆ ಎಷ್ಟು ಹಿತವಾಯಿತೆಂದು ನೀವೇನು ಬಲ್ಲಿರಿ, ಆದರೆ ಹಿಂದಿನ ಬೀದಿಯಲ್ಲೂ ಹೊಗೆಗೆ ಕೆಮ್ಮುವ ಮಕ್ಕಳಿದ್ದಾವೆ, ಆಸ್ಪತ್ರೆಯಲ್ಲಿ ಅವುಗಳ ಚಾದರಕ್ಕೂ ನಾನೇ ಇಸ್ತ್ರಿ ಹಾಕುವವಳು ಎಂದಳು. ಮಗ ಇಬ್ಬರಿಗೂ ಸಮಾಧಾನ ಹೇಳಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ. ಯಜಮಾನರು ತುಟಿಗಳ ಚಲನೆ ನೋಡುತ್ತಿದ್ದರು. ಏನಾಗಿದೆ ಎಂದು ಕೇಳಿದರು. ಚಿನಕುರುಳಿ ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಬಾಗಿಲು ಮಾಡಿ ತೋರಿಸಿ, ಗಿಡ ಕೀಳುವಂತೆ ನಟಿಸಿದಳು. ಅವರು ಕೈ ತೊಳೆಯಲು ಎದ್ದರು.

ಮರುದಿನ ರಜೆ. ಬೆಳಿಗ್ಗೆ ಯಜಮಾನರು ಮನೆಯವರನ್ನೆಲ್ಲ ಹೊರಡಿಸಿದರು. ಮಗನ ಬೆನ್ನೇರಿ ಮಹಡಿಯಮ್ಮನೂ ಇಳಿದಳು. ಅವರು ಗೋಡೆಯನ್ನು ತಡವುತ್ತ ತಡವುತ್ತ ಹತ್ತಿಯ ಸಾಲಿನ ತುದಿಯವರೆಗೆ ಹೋಗಿ, ಬಳ್ಳಿಯನ್ನು ಎಳೆದು ಸರಿಸಿದರು. ಗೋಡೆಯ ಇಟ್ಟಿಗೆಗಳ ನಡುವೆ ಬೇರೆ ಬಣ್ಣದ ಇಟ್ಟಿಗೆಗಳು, ಮೇಲೆ ಕಲ್ಲಿನ ಕಮಾನು. ಮುಚ್ಚಿದ ಬಾಗಿಲು.

"ಇಲ್ಲಿತ್ತು," ಎಂದರು. "ಆ ಬೀದಿಯವರು ಇಲ್ಲಿಂದ ಬರೋರು, ನಾವು ಅಲ್ಲಿಂದ. ನಡುವೆ ಕೂತು ಒಟ್ಟಿಗೆ ಊಟ ಮಾಡ್ತಿದ್ವಿ. ಒಟ್ಟಿಗೆ ಮುಷ್ಕರ ಹೂಡಿದ್ವಿ ಅಂತ ಗಿರಣಿಯವರು ಇಟ್ಟಿಗೆ ಹಾಕಿ ಮುಚ್ಚಿದ್ರು. ಆಮೇಲೆ ಅವರು ಊರು ಸುತ್ತಿಕೊಂಡು ಕೆಲಸಕ್ಕೆ ಬರಬೇಕಾಯ್ತು. ಗಿರಣಿ ಮುಚ್ಚಿದ ಮೇಲೆ ಯಾರು ಇದ್ದಾರೋ ಯಾರು ಹೋದರೋ ಗೊತ್ತಾಗಲಿಲ್ಲ."

ಇಷ್ಟು ಉದ್ದದ ಮಾತನ್ನು ಅವರ ಬಾಯಿಂದ ಮನೆಯವರು ಕೇಳಿ ಕಾಲವಾಗಿತ್ತು. ಕಮಾನಿನ ಮುಂದೆಯೂ ಕೆಲವು ಗಿಡಗಳಿದ್ದವು. ಈ ಬಾಗಿಲನ್ನೇ ತೆರೆದು ಉಳಿದ ಸಾಲನ್ನು ಬಿಟ್ಟರೂ ಅಷ್ಟನ್ನಾದರೂ ಕೀಳಲೇಬೇಕಿತ್ತು. ಯಾರೂ ಕೈ ಹಾಕಲಿಲ್ಲ. ಸೊಸೆ ಅತ್ತೆಯ ಮುಖ ನೋಡಿದಳು.

ಮಹಡಿಯಮ್ಮ ಮಗನ ತೋಳು ಹಿಡಿದು ಮುಂದೆ ಬಂದಳು. ಬಿರಿದ ಕಾಯಿಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಮೊಮ್ಮಗಳ ಮಡಿಲಿಗೆ ಹಾಕಿದಳು. ಬೀಜ ಇದ್ದೇ ಇರುತ್ತದೆ, ನೆಲಗಲ್ಲಿನ ಸಂದಿನಲ್ಲೆಲ್ಲ ಹಾಕು ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಬೇರು ಆಳಕ್ಕಿದೆ. ನೀನೊಬ್ಬಳೇ ಎಳೀಬೇಡ, ಸೊಂಟ ಹಿಡಿಯುತ್ತೆ. ಇಬ್ಬರೂ ಸೇರಿ ಎಳೀರಿ," ಎಂದಳು. ಮಗ, ಸೊಸೆ ಸೇರಿ ಎಳೆದರು. ಬೇರು ಬಂದಾಗ ಜೊತೆಗೆ ಕಪ್ಪು ಮಣ್ಣು ಬಂತು, ಮಣ್ಣಲ್ಲಿ ಎರೆಹುಳು. ಈ ನೆಲದಲ್ಲಿ ಎರೆಹುಳು ಎಂದು, ತೋಟದ ಕೆಲಸಕ್ಕೆ ಬಂದಿದ್ದ ಕಂಡಕ್ಟರ್ ಎಲ್ಲರನ್ನೂ ಕರೆದು ತೋರಿಸಿದ.

ಅಧಿಕಾರಿಯಾಗಿ ಬಂದವಳು ಕೊಡೆ ಹಿಡಿದ ನಡುವಯಸ್ಸಿನ ಹೆಂಗಸು. ನಕ್ಷೆಯಲ್ಲಿದ್ದ ಕಡೆ ಬಾಗಿಲಿಗೆ ಯಾಕೆ ಜಾಗ ಬಿಡಿಸಿಲ್ಲ ಎಂದು ಕೇಳಿದಳು. ಸೊಸೆ ಹಳೇ ಕಮಾನು ತೋರಿಸಿ ಹೇಳಿದಳು. ಅಧಿಕಾರಿ ಹತ್ತಿಯ ಸಾಲಿನ ಉದ್ದಕ್ಕೂ ನಡೆದು, ಒಂದು ಹೂವಿನ ಮುಂದೆ ನಿಂತು, ಹತ್ತಿ ಅಂದರೆ ಇದೇನಾ ಎಂದು ಮೆಲ್ಲಗೆ ಕೇಳಿದಳು. ಹೌದು ಎಂದರು. ಹಳೇ ಬಾಗಿಲು ಇದ್ದ ಮೇಲೆ ಹೊಸದಾಗಿ ಗೋಡೆ ಒಡೆಯುವುದೇಕೆ, ಇದನ್ನೇ ತೆರೆಯಿರಿ ಎಂದು ಹೇಳಿ ಹೋದಳು. ತೋಟ ಉಳಿಯಿತೆಂಬುದು ಸೊಸೆಯ ತಲೆಗೆ ತಕ್ಷಣ ಹೋಗಲಿಲ್ಲ. ಕಿಂಡಿಯವರೆಗೆ ಓಡಿ ಹೋಗಿ, ಹಾಗಾದರೆ ಲಾರಿ ಎಂದು ಕೇಳಿ, ಇಲ್ಲ ಎನಿಸಿಕೊಂಡು ಬಂದಳು.

ಗೋಡೆ ಒಡೆಯುವ ಸಂಜೆ ಮಹಡಿಯಮ್ಮನಿಗೆ ಹತ್ತಿಯ ಪಕ್ಕದಲ್ಲೇ ಕುರ್ಚಿ ಹಾಕಿದ್ದರು. ಮಗ ಮತ್ತು ಕ್ಷೌರಿಕ ಸುತ್ತಿಗೆ ಹಿಡಿದರು. ಈ ಕಡೆಯಿಂದ ಒಂದು ಪೆಟ್ಟು ಬಿದ್ದರೆ ಆ ಕಡೆಯಿಂದಲೂ ಒಂದು ಪೆಟ್ಟು ಕೇಳತೊಡಗಿತು. ಆ ಬೀದಿಯವರಿಗೂ ಸುದ್ದಿ ತಲುಪಿತ್ತು, ಅವರೂ ಶುರುಮಾಡಿದ್ದರು. ಯಜಮಾನರು ಗೋಡೆಯ ಮೇಲೆ ಅಂಗೈ ಊರಿ ನಿಂತಿದ್ದರು. ಕೇಳದ ಸದ್ದು ಅವರಿಗೆ ಕೈಯಿಂದ ಗೊತ್ತಾಗುತ್ತಿತ್ತು. ಕಡೆಯ ಇಟ್ಟಿಗೆಗಳು ಕುಸಿದು ಧೂಳು ಎದ್ದಿತು. ಧೂಳು ಅಡಗಿದಾಗ ಕಮಾನಿನೊಳಗೆ ಜನ ನಿಂತಿದ್ದರು. ಮುದುಕರು, ಕೈಗೂಸು ಎತ್ತಿಕೊಂಡವರು, ಅಡುಗೆ ಮಾಡುತ್ತಿದ್ದವರು ಸೌಟು ಹಿಡಿದೇ ಬಂದಿದ್ದರು. ಎದುರಿಗಿದ್ದ ಹಸಿರನ್ನು ಎಲ್ಲರೂ ನೋಡಿದರು. ಒಳಗೆ ಬರಬಹುದೋ ಬಾರದೋ ತಿಳಿಯದೆ ಹಾಗೆಯೇ ನಿಂತರು.

ಒಬ್ಬ ಮುದುಕ ಯಜಮಾನರನ್ನು ನೋಡಿ, ಗುರುತು ಹಿಡಿಯಲು ಕಣ್ಣು ಕಿರಿದು ಮಾಡಿ, ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟ. ಇಬ್ಬರೂ ಕಿವುಡರು. ಇಬ್ಬರೂ ಒಟ್ಟಿಗೆ ಜೋರಾಗಿ ಮಾತಾಡತೊಡಗಿದರು, ಇಬ್ಬರಿಗೂ ಕೇಳುತ್ತಿರಲಿಲ್ಲ, ಇಬ್ಬರೂ ತಲೆಯಾಡಿಸುತ್ತಿದ್ದರು. ಆಗ ಉಳಿದವರೂ ಒಳಗೆ ಬಂದರು. ಮಕ್ಕಳು ಚಪ್ಪಲಿ ಬಿಟ್ಟು ಹುಲ್ಲಿಗೆ ನುಗ್ಗಿದವು.

ಮಹಡಿಯಮ್ಮನದೇ ವಯಸ್ಸಿನ ಒಬ್ಬ ಹೆಂಗಸು ಮಾತ್ರ ಕಮಾನಿನ ಅಂಚಿನಲ್ಲೇ ಉಳಿದಳು. ಗೋಡೆಗೆ ಕೈಕೊಟ್ಟು ಹೂವುಗಳನ್ನು ನೋಡಿದಳು, ನೆಲಗಲ್ಲು ನೋಡಿದಳು, ಕತ್ತೆತ್ತಿ ಆಕಾಶ ನೋಡಿದಳು. ಆಮೇಲೆ ಕುರ್ಚಿಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು.

"ಇದು ಯಾರದಮ್ಮ?"

ಮಹಡಿಯಮ್ಮ ಉತ್ತರಕ್ಕಾಗಿ ಸೊಸೆಯನ್ನು ಹುಡುಕಿದಳು. ಸೊಸೆ ದೂರದಲ್ಲಿ ಯಾರದೋ ಕೂಸನ್ನು ಎತ್ತಿಕೊಂಡು ನಗುತ್ತಿದ್ದಳು.

"ಗೊತ್ತಿಲ್ಲಮ್ಮ," ಎಂದಳು ಮಹಡಿಯಮ್ಮ, ಕುರ್ಚಿಯಲ್ಲಿ ಒಂದು ಬದಿಗೆ ಸರಿಯುತ್ತ. "ಕೂತ್ಕೊಳ್ಳಿ."